ಜೋಕಾಲಿ ಎಷ್ಟು ಎತ್ತರಕ್ಕೆ ಹೋಗಬಲ್ಲದು?

ಕೆಮ್ಮಣ್ಣುಗುಂಡಿ ಎಂದರೆ ಇವತ್ತು ಹೂದೋಟ, ಮಂಜು, ಝಡ್ ಪಾಯಿಂಟ್. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದ ಈ ಜಾಗ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿತ್ತು, ಈಗ ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಆದರೆ ಭದ್ರಾವತಿಯ ಹಳಬರಿಗೆ ಈ ಗುಡ್ಡ ಗೊತ್ತಿದ್ದುದು ಅದಿರಿನಿಂದ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಬೇಕಾದ ಅದಿರನ್ನು ಇಲ್ಲಿ ಅಗೆದು, ಉಕ್ಕಿನ ಹಗ್ಗಕ್ಕೆ ನೇತುಬಿಟ್ಟ ತೊಟ್ಟಿಗಳಲ್ಲಿ ತಣಿಗೇಬೈಲಿಗೆ ಇಳಿಸಿ, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ ಸಾಗಿಸುತ್ತಿದ್ದರು. ಊದುಕುಲುಮೆಯ ಹೊಟ್ಟೆ ತುಂಬುತ್ತಿದ್ದುದು ಕಾಡಿನ ಮೇಲೆ ತೂಗಾಡಿಕೊಂಡು ಬಂದ ಕೆಮ್ಮಣ್ಣಿನಿಂದ.

ಕೆಮ್ಮಣ್ಣುಗುಂಡಿ ಇರುವ ಬಾಬಾಬುಡನ್ ಗಿರಿಶ್ರೇಣಿಯ ಸುತ್ತಮುತ್ತ ಇಂದು ಹಗ್ಗಕ್ಕೆ ಬೇರೆ ಕೆಲಸ ಸಿಕ್ಕಿದೆ. ಚಿಕ್ಕಮಗಳೂರು ಸೀಮೆಯ ರೆಸಾರ್ಟ್, ಹೋಂಸ್ಟೇಗಳಲ್ಲಿ ಜಿಪ್‌ಲೈನ್, ಬರ್ಮಾ ಸೇತುವೆ, ಇಳಿಜಾರಿನ ಅಂಚಿಗೆ ಕಟ್ಟಿದ ಉಯ್ಯಾಲೆ ಸಾಮಾನ್ಯವಾಗಿವೆ. ಅಂಚಿನಲ್ಲಿ ನಿಂತು ಕೆಳಗೆ ಇಣುಕಿದವರು ಮೊದಲು ಕೇಳುವುದು ‘ಹಗ್ಗ ಎಷ್ಟು ಉದ್ದ?’ ಎಂದೇ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಉದ್ದ ಎದೆ ನಡುಗಿಸುತ್ತದೆ ನಿಜ, ಆದರೆ ಹಗ್ಗದ ಮೇಲೆ ಹೊರೆ ಏರುವುದು ಉದ್ದದಿಂದಲ್ಲ. ಎಷ್ಟು ಓರೆಯಿಂದ ಬಿಟ್ಟಿರಿ ಎಂಬುದು ಹೊರೆಯನ್ನು ತೀರ್ಮಾನಿಸುತ್ತದೆ. ಹಗ್ಗ ಎಲ್ಲಿ ಹರಿಯುತ್ತದೆ ಎಂಬುದನ್ನು ಗಂಟು, ಅಂಚು ಮತ್ತು ಸಡಿಲು ತೀರ್ಮಾನಿಸುತ್ತವೆ. ಇದನ್ನು ನಮ್ಮ ಪಂಚಮಿಯ ಜೋಕಾಲಿಯಿಂದಲೇ ನೋಡಿಕೊಂಡು ಬರಬಹುದು.

ಶ್ರಾವಣದ ನಾಗರಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಬೇವಿನ ಮರಕ್ಕೋ ಹುಣಸೆ ಮರಕ್ಕೋ ದಪ್ಪ ಹಗ್ಗ ಬಿಗಿದು, ತವರಿಗೆ ಬಂದ ಹೆಣ್ಣುಮಕ್ಕಳು ಎದುರುಬದುರು ನಿಂತು ಜೀಕುತ್ತಾರೆ. ಹಗ್ಗದ ಉದ್ದ 5 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಸಲ ಹೋಗಿ ಬರಲು ಅದಕ್ಕೆ ಸುಮಾರು ನಾಲ್ಕೂವರೆ ಸೆಕೆಂಡು ಬೇಕು. ಮೇಲೆ ಕೂತದ್ದು ಮಗುವೋ ದೊಡ್ಡವರೋ ಎಂಬುದರಿಂದ ಈ ಅವಧಿ ಬದಲಾಗುವುದಿಲ್ಲ. ಅದು ಉದ್ದದ ವರ್ಗಮೂಲವನ್ನು ಹಿಂಬಾಲಿಸುತ್ತದೆ: ಹಗ್ಗ ನಾಲ್ಕು ಪಟ್ಟಾದರೆ ಅವಧಿ ಎರಡು ಪಟ್ಟು. ಜೋಕಾಲಿ ಹೆಚ್ಚು ಓರೆಗೆ ಹೋದಾಗ ಮಾತ್ರ ಅವಧಿ ತುಸು ಹಿಗ್ಗುತ್ತದೆ, ಹಗ್ಗ ನೆಲಕ್ಕೆ ಸಮಾನಾಂತರವಾಗುವ 90 ಡಿಗ್ರಿ ತನಕ ಹೋದರೆ ಶೇಕಡಾ 18ರಷ್ಟು.

ಎಳೆತದ ಲೆಕ್ಕ ಇದಕ್ಕಿಂತ ಸ್ವಾರಸ್ಯಕರ. ಸುಮ್ಮನೆ ಕೂತಾಗ ಹಗ್ಗ ಹೊರುವುದು ಕೂತವರ ತೂಕವನ್ನಷ್ಟೇ. ತೂಗುವಾಗ ತಳಕ್ಕೆ ಬಂದ ಕ್ಷಣದಲ್ಲಿ ತೂಕದ ಜೊತೆಗೆ ದೇಹವನ್ನು ವೃತ್ತದ ದಾರಿಯಲ್ಲಿ ಬಾಗಿಸುವ ಬಲವನ್ನೂ ಹಗ್ಗವೇ ಕೊಡಬೇಕು. 30 ಡಿಗ್ರಿಯಿಂದ ಇಳಿದು ಬಂದರೆ ತಳದಲ್ಲಿ ಎಳೆತ ತೂಕದ ಒಂದೂಕಾಲು ಪಟ್ಟು, 60 ಡಿಗ್ರಿಯಿಂದಾದರೆ ಸರಿಯಾಗಿ ಎರಡು ಪಟ್ಟು, 90 ಡಿಗ್ರಿಯಿಂದಾದರೆ ಮೂರು ಪಟ್ಟು. ಈ ಲೆಕ್ಕದಲ್ಲಿ ಉದ್ದ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆ, ಆದರೆ ವೃತ್ತವೂ ಅಷ್ಟೇ ಹಿಗ್ಗಿ ಬಾಗು ಸೌಮ್ಯವಾಗುತ್ತದೆ, ಎರಡೂ ಒಂದನ್ನೊಂದು ತೊಡೆದುಹಾಕುತ್ತವೆ. ಮನೆಯ ತೊಲೆಗೆ ಕಟ್ಟಿದ 2 ಮೀಟರಿನ ಉಯ್ಯಾಲೆಗೂ 20 ಮೀಟರಿನ ಹಗ್ಗಕ್ಕೂ 60 ಡಿಗ್ರಿಯಲ್ಲಿ ಬೀಳುವುದು ಒಂದೇ ಎರಡು ಪಟ್ಟು. ತಲಾ 60 ಕೆ.ಜಿ.ಯ ಇಬ್ಬರು ನಿಂತು 60 ಡಿಗ್ರಿ ತನಕ ಜೀಕಿದರೆ ಕೊಂಬೆಗೆ ಬೀಳುವುದು 240 ಕೆ.ಜಿ. ಹೊರೆ.

ಕಂಬ ನೆಟ್ಟು ಉಯ್ಯಾಲೆ ಕಟ್ಟುವವರು ಗಮನಿಸಬೇಕಾದ ಇನ್ನೊಂದು ಬಲವಿದೆ. ಹಗ್ಗ ಓರೆಯಾಗಿದ್ದಾಗ ಮೇಲಿನ ತುದಿಯನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಎಳೆಯುತ್ತದೆ. 90 ಡಿಗ್ರಿಯಿಂದ ಬಿಟ್ಟ ಉಯ್ಯಾಲೆಯಲ್ಲಿ ಈ ಪಕ್ಕದ ಎಳೆತ ಹಗ್ಗ 45 ಡಿಗ್ರಿಯಲ್ಲಿದ್ದಾಗ ಅತಿ ಹೆಚ್ಚು, ತೂಕದ ಒಂದೂವರೆ ಪಟ್ಟು. 60 ಕೆ.ಜಿ.ಯ ವ್ಯಕ್ತಿಗೆ 90 ಕೆ.ಜಿ.; ಅದೂ ಎರಡೆರಡು ಸೆಕೆಂಡಿಗೊಮ್ಮೆ ಅತ್ತಿಂದಿತ್ತ. ನೆಟ್ಟ ಕಂಬ ಕೆಳಮುಖದ ಹೊರೆಗೆ ಜಗ್ಗುವುದಿಲ್ಲ, ಈ ಅಲುಗಾಟಕ್ಕೆ ಬುಡದಲ್ಲಿ ಮಣ್ಣು ಬಿಡುತ್ತದೆ. ಕಂಬದ ಎರಡೂ ಕಡೆ ಓರೆಯಾಗಿ ಊರೆ ಕೊಡಬೇಕೆಂಬುದು ಇದಕ್ಕೇ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣು ನೆನೆದು ಮೆತ್ತಗಾದಾಗ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಮೂರು ಪಟ್ಟು ಎಂಬುದು ಹಗ್ಗಕ್ಕೆ ದೊಡ್ಡದಲ್ಲ, ಕೈಗೆ ದೊಡ್ಡದು. ಕೆರೆಯ ದಂಡೆಯ ಮರಕ್ಕೆ ಹಗ್ಗ ಕಟ್ಟಿ, ಅದನ್ನು ಕೈಯಲ್ಲಿ ಹಿಡಿದು ತೂಗಿ ನೀರಿಗೆ ಹಾರುವ ಆಟದಲ್ಲಿ ಹುಡುಗರು ಜಾರಿಬೀಳುವುದು ಬಹುಮಟ್ಟಿಗೆ ತಳದಲ್ಲಿಯೇ. ದಂಡೆಯ ಮೇಲೆ ನಿಂತು ಜಗ್ಗಿ ನೋಡಿದಾಗ ತನ್ನ 60 ಕೆ.ಜಿ. ಮೈಯನ್ನು ಕೈ ಸಲೀಸಾಗಿ ಹಿಡಿದಿರುತ್ತದೆ. ತಳಕ್ಕೆ ಬರುವ ಹೊತ್ತಿಗೆ ಅದೇ ಕೈ 120 ಕೆ.ಜಿ., ಬಹಳ ಎತ್ತರದಿಂದ ಬಿಟ್ಟಿದ್ದರೆ 180 ಕೆ.ಜಿ. ಹಿಡಿಯಬೇಕು. ಒದ್ದೆ ಅಂಗೈಗೆ ಅದು ಆಗದ ಕೆಲಸ. ಬೀಳುವ ಜಾಗವೂ ನಡುನೀರಲ್ಲ, ದಂಡೆಯ ಹತ್ತಿರದ ಆಳವಿಲ್ಲದ ನೀರು ಅಥವಾ ಕಲ್ಲು. ಕೂರಲು ಹಲಗೆ ಇರುವ ಜೋಕಾಲಿ ಈ ಹೊರೆಯನ್ನು ಅಂಗೈಯಿಂದ ಪೃಷ್ಠಕ್ಕೂ ಪಾದಕ್ಕೂ ವರ್ಗಾಯಿಸುತ್ತದೆ. ಸರಳವಾದ ಆ ಹಲಗೆಯಷ್ಟು ಜೀವ ಉಳಿಸಿದ ಸಾಧನ ಈ ಆಟದಲ್ಲಿ ಬೇರೆ ಇರಲಾರದು.

ಇನ್ನು ಜೀಕುವ ವಿಚಾರ. ಯಾರೂ ತಳ್ಳದೆ, ನೆಲ ಮುಟ್ಟದೆ, ಜೋಕಾಲಿಯ ಮೇಲಿರುವವರು ತಾವೇ ಎತ್ತರ ಏರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಭೌತವಿಜ್ಞಾನಿಗಳನ್ನು ಬಹಳ ಕಾಲ ಆಡಿಸಿದೆ. 1968ರಲ್ಲಿ ಟೀ ಮತ್ತು ಫಾಕ್ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದರ ಬಗ್ಗೆ ಬರೆದರು. 1990ರಲ್ಲಿ ಕೇಸ್ ಮತ್ತು ಸ್ವಾನ್ಸನ್ ಅದೇ ಪತ್ರಿಕೆಯಲ್ಲಿ ಕೂತು ಜೀಕುವ ಬಗೆಯನ್ನು ಬಿಡಿಸಿಟ್ಟರು. ಕೂತು ಜೀಕುವಾಗ ದೇಹ ಹಿಂದೆ ಮುಂದೆ ವಾಲುವುದರಿಂದ ಶುರುವಿನ ಸಣ್ಣ ಓಲಾಟ ಬೇಗ ಬೆಳೆಯುತ್ತದೆ. ನಿಂತು ಜೀಕುವುದು ಬೇರೆ ಜಾತಿ. ನುರಿತವರನ್ನು ಪಕ್ಕದಿಂದ ನಿಂತು ನೋಡಿ: ತುತ್ತತುದಿಯಲ್ಲಿ, ಜೋಕಾಲಿ ಒಂದು ಕ್ಷಣ ನಿಂತಂತಾದಾಗ, ಮಂಡಿ ಮಡಿಸಿ ಕುಕ್ಕುರುತ್ತಾರೆ. ತಳ ದಾಟುವಾಗ ಎದ್ದು ನಿಲ್ಲುತ್ತಾರೆ. ಒಂದು ಸುತ್ತಿಗೆ ಎರಡು ಸಲ ಏಳುವುದು, ಎರಡು ಸಲ ಕೂರುವುದು. ತಳದಲ್ಲಿ ಮೈ ಭಾರವಾಗಿರುವಾಗ ಅದನ್ನು ಎತ್ತಲು ಕಾಲು ಹೆಚ್ಚು ಶ್ರಮ ಪಡುತ್ತದೆ, ತುದಿಯಲ್ಲಿ ಮೈ ಹಗುರವಾಗಿರುವಾಗ ಇಳಿಸುವುದರಿಂದ ಕಳೆದುಕೊಳ್ಳುವುದು ಕಡಿಮೆ. ಈ ಎರಡರ ನಡುವಿನ ಉಳಿತಾಯವೇ ಜೋಕಾಲಿಯ ಎತ್ತರ.

ಲೆಕ್ಕ ಹಾಕಿದರೆ ಇಲ್ಲಿ ಉದ್ದ ತನ್ನ ಕೈಚಳಕ ತೋರಿಸುತ್ತದೆ. ಎದ್ದು ನಿಂತಾಗ ದೇಹದ ಗುರುತ್ವಕೇಂದ್ರ 30 ಸೆಂಟಿಮೀಟರ್ ಮೇಲೇರಿತು ಎನ್ನೋಣ. 5 ಮೀಟರಿನ ಜೋಕಾಲಿಯಲ್ಲಿ ಪ್ರತಿಸಲ ತಳ ದಾಟಿದಾಗ ಕೋನ ಸುಮಾರು ಹತ್ತು ಪರ್ಸೆಂಟ್ ಬೆಳೆಯುತ್ತದೆ. 5 ಡಿಗ್ರಿಯಿಂದ ಶುರುಮಾಡಿದವರು ಒಂದು ನಿಮಿಷದ ಆಸುಪಾಸಿನಲ್ಲಿ 60 ಡಿಗ್ರಿ ಮುಟ್ಟಬಹುದು. ಅದೇ ಕಾಲು, ಅದೇ 30 ಸೆಂಟಿಮೀಟರ್, ಆದರೆ ಹಗ್ಗ 50 ಮೀಟರ್ ಆದರೆ? ಒಂದೊಂದು ಜೀಕಿಗೂ ಸಿಗುವುದು ಒಂದು ಪರ್ಸೆಂಟಿಗೂ ಕಡಿಮೆ, ಒಂದೊಂದು ಸುತ್ತಿಗೂ ಹಿಡಿಯುವುದು 14 ಸೆಕೆಂಡು. ಗಾಳಿಯೇ ಇಲ್ಲದಿದ್ದರೂ ಎಡೆಬಿಡದೆ ಅರ್ಧ ಗಂಟೆ ಜೀಕಬೇಕು. ಗಾಳಿ ಇದೆಯಲ್ಲ! 50 ಮೀಟರ್ ಹಗ್ಗದಲ್ಲಿ 60 ಡಿಗ್ರಿಯ ಓಲಾಟವೊಂದು ಅರ್ಧ ಸುತ್ತಿನಲ್ಲೇ ತನ್ನ ಶಕ್ತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಜೀಕಿ ಗಳಿಸುವುದಕ್ಕೂ ಗಾಳಿ ಕಿತ್ತುಕೊಳ್ಳುವುದಕ್ಕೂ ಸರಿಸಮವಾಗುವುದು ನನ್ನ ಲೆಕ್ಕದಲ್ಲಿ ಎರಡು ಮೂರು ಡಿಗ್ರಿಯಲ್ಲೇ. ಅಂದರೆ ಇಷ್ಟು ಉದ್ದದ ಹಗ್ಗದಲ್ಲಿ ಮನುಷ್ಯ ತನ್ನ ಬಲದಿಂದ ಏರಲಾರ. ಎತ್ತರದ ಜಾಗದಿಂದ ಬಿಡಬೇಕು, ಇಲ್ಲವೇ ಮೋಟಾರಿನಿಂದ ಎಳೆದು ಬಿಡಬೇಕು. ಸಾಹಸ ಕ್ರೀಡೆಯ ದೈತ್ಯ ಉಯ್ಯಾಲೆಗಳೆಲ್ಲ ಮಾಡುವುದು ಇದನ್ನೇ.

ಚಿಕ್ಕ ಹಗ್ಗಕ್ಕೆ ಗಾಳಿ ಅಡ್ಡಿಯಲ್ಲ. ಅದರ ಮಿತಿ ಬೇರೆಡೆ ಇದೆ, ಮತ್ತು ಅದು ಬಹಳ ಕಟ್ಟುನಿಟ್ಟಿನದು: 90 ಡಿಗ್ರಿ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಕೊಂಬೆಯ ಮಟ್ಟಕ್ಕಿಂತ ಮೇಲೆ ಹೋದ ಜೋಕಾಲಿಗೆ ಸಾಕಷ್ಟು ವೇಗ ಇಲ್ಲದಿದ್ದರೆ ಹಗ್ಗ ಸಡಿಲಾಗುತ್ತದೆ. ಆಮೇಲೆ ಅದು ತೂಗುವುದಲ್ಲ, ಬೀಳುವುದು. ಬಿದ್ದು ಹಗ್ಗ ಮತ್ತೆ ಬಿಗಿಯಾದಾಗ ಬರುವುದು ಜಗ್ಗು. ಪೂರ್ತಿ ಸುತ್ತು ಹಾಕಬೇಕೆಂದರೆ ತಳದಲ್ಲಿ ಬೇಕಾದ ಚಲನಶಕ್ತಿ 90 ಡಿಗ್ರಿಯ ಓಲಾಟದಲ್ಲಿ ಇರುವುದರ ಎರಡೂವರೆ ಪಟ್ಟು. ಜೀಕಿನಿಂದ ಶಕ್ತಿ ಸ್ವಲ್ಪಸ್ವಲ್ಪವಾಗಿ ಏರುತ್ತದೆಯೇ ಹೊರತು ಒಮ್ಮೆಗೇ ಎರಡೂವರೆ ಪಟ್ಟಿಗೆ ನೆಗೆಯುವುದಿಲ್ಲ, ನಡುವಿನ ದಾರಿಯಲ್ಲೆಲ್ಲ ಹಗ್ಗ ಸಡಿಲು. ಹಾಗಾಗಿ ಹಗ್ಗದ ಜೋಕಾಲಿಯಲ್ಲಿ ಜೀಕುತ್ತಾ ಹೋಗಿ ಕೊಂಬೆಯನ್ನು ಸುತ್ತು ಹಾಕಿದವರ ಕಥೆಯನ್ನು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಎಸ್ಟೋನಿಯಾದಲ್ಲಿ 1990ರ ದಶಕದಲ್ಲಿ ಅಡೋ ಕೋಸ್ಕ್ ರೂಪಿಸಿದ ‘ಕೀಕಿಂಗ್’ ಎಂಬ ಕ್ರೀಡೆಯಲ್ಲಿ ನಿಂತು ಜೀಕುತ್ತಲೇ ಪೂರ್ತಿ ಸುತ್ತು ಹಾಕುತ್ತಾರೆ. ಅಲ್ಲಿ ಹಗ್ಗದ ಬದಲು ಉಕ್ಕಿನ ಸರಳಿದೆ, ಕಾಲನ್ನು ಹಲಗೆಗೆ ಬಿಗಿದಿರುತ್ತಾರೆ. ಸರಳು ತಳ್ಳಬಲ್ಲದು, ಸಡಿಲಾಗದು. ಅಲ್ಲಿಯೂ ಸರಳು ಉದ್ದವಾದಷ್ಟೂ ಕಷ್ಟ; ಲೋಕದ ಅತ್ಯುತ್ತಮ ಆಟಗಾರರು 7 ಮೀಟರ್ ದಾಟಿ ಸ್ವಲ್ಪವೇ ಮುಂದೆ ಹೋಗಿದ್ದಾರೆ.

ಈಗ ದೊಡ್ಡ ಕಲ್ಪನೆಯೊಂದನ್ನು ಮಾಡಿಕೊಳ್ಳೋಣ. ಕೆಮ್ಮಣ್ಣುಗುಂಡಿಯ ಕೆಳಗಿನ ಹೆಬ್ಬೆ ಜಲಪಾತ ಎರಡು ಹಂತದಲ್ಲಿ ಸುಮಾರು 168 ಮೀಟರ್ ಧುಮುಕುತ್ತದೆ. ಅಷ್ಟು ಉದ್ದದ ಹಗ್ಗವನ್ನು ಆಕಾಶದಲ್ಲೆಲ್ಲೋ ಕಟ್ಟಿ, ಮನುಷ್ಯನೊಬ್ಬನನ್ನು 90 ಡಿಗ್ರಿಯಿಂದ ಬಿಟ್ಟರೆ ಏನಾಗುತ್ತದೆ? (ಕಾಗದದ ಮೇಲೆ ಮಾತ್ರ, ಹೆಬ್ಬೆ ಇರುವುದು ಅರಣ್ಯ ಇಲಾಖೆ ಕಾಯುವ ಕಾಡಿನಲ್ಲಿ, ಅದು ಹಾಗೆಯೇ ಇರಲಿ.) ಸಣ್ಣ ಓಲಾಟಕ್ಕೆ ಅವಧಿ 26 ಸೆಕೆಂಡು. ಗಾಳಿಯಿಲ್ಲದ ಲೋಕದಲ್ಲಿ ತಳದ ವೇಗ ಗಂಟೆಗೆ 207 ಕಿ.ಮೀ. ಪ್ಯಾರಾಚೂಟ್ ಬಿಚ್ಚದೆ ಕೈಕಾಲು ಚಾಚಿ ಬೀಳುವ ಮನುಷ್ಯ ಗಾಳಿಯಲ್ಲಿ ಮುಟ್ಟುವ ಗರಿಷ್ಠ ವೇಗವೂ ಸುಮಾರು 200 ಕಿ.ಮೀ.ಯೇ. ಅಂದರೆ ಗಾಳಿ ಇಲ್ಲಿ ಸುಮ್ಮನಿರುವುದಿಲ್ಲ. ದೇಹಕ್ಕೆ ತಾಗುವ ಗಾಳಿಯನ್ನಷ್ಟೇ ಹಿಡಿದರೂ ತಳದ ವೇಗ ಸುಮಾರು 125 ಕಿ.ಮೀ.ಗೆ ಇಳಿಯುತ್ತದೆ, ಹಗ್ಗದ ಎಳೆತ ಮೂರು ಪಟ್ಟಿನಿಂದ ಒಂದೂಮುಕ್ಕಾಲು ಪಟ್ಟಿಗೆ ಕುಸಿಯುತ್ತದೆ. ಉದ್ದ ಹೆಚ್ಚಿದಂತೆ ಹೊರೆ ಕಡಿಮೆಯೇ ಆಯಿತು!

ಹಗ್ಗವೂ ಗಾಳಿಯನ್ನು ಸೀಳಿಕೊಂಡು ಹೋಗಬೇಕು ಎಂಬುದನ್ನು ನಾವು ಮರೆಯುತ್ತೇವೆ. 11 ಮಿಲಿಮೀಟರ್ ದಪ್ಪದ ಹಗ್ಗ 168 ಮೀಟರ್ ಉದ್ದಕ್ಕೆ ಗಾಳಿಗೆ ಒಡ್ಡುವ ಮೈ 1.8 ಚದರ ಮೀಟರಿಗಿಂತ ಹೆಚ್ಚು, ಮನುಷ್ಯನ ಎದೆಹೊಟ್ಟೆಗಿಂತ ಎಷ್ಟೋ ದೊಡ್ಡದು. ಮೇಲಿನ ಭಾಗ ನಿಧಾನವಾಗಿ ಚಲಿಸುವುದರಿಂದ ಅದರ ಪಾಲು ಕಡಿಮೆ, ಆದರೂ ಒಟ್ಟಾರೆ ತಡೆ ದೇಹದಷ್ಟೇ ಅಥವಾ ಇನ್ನೂ ಮಿಗಿಲು. ವೇಗ ಮತ್ತಷ್ಟು ಇಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ 13ರಷ್ಟು ತೆಳುವಾಗಿರುವುದು ಈ ಲೆಕ್ಕವನ್ನು ಸ್ವಲ್ಪ ಸಡಿಲಿಸೀತು, ಬದಲಾಯಿಸದು. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಬಳಿಯ ನೆವಿಸ್ ಕಣಿವೆಯಲ್ಲಿರುವ, 300 ಮೀಟರ್ ಕಮಾನು ಬರೆಯುವ ಉಯ್ಯಾಲೆಯಂಥವು ಆಗಲೇ ಈ ಮಿತಿಯ ಹತ್ತಿರ ಬಂದು ನಿಂತಿವೆ. ಇನ್ನೂ ಹತ್ತು ಪಟ್ಟು ಉದ್ದ ಕಟ್ಟಿದರೆ ಮೇಲಿನಿಂದ ನೋಡುವ ದಿಗಿಲು ಹತ್ತು ಪಟ್ಟಾದೀತು, ವೇಗ ಏರದು.

ಹಾಗಿದ್ದರೆ ಹಗ್ಗ ಎಲ್ಲಿ ಸೋಲುತ್ತದೆ? ತನ್ನ ಭಾರಕ್ಕೆ ತಾನೇ ಹರಿಯಬೇಕಾದರೆ ಒಳ್ಳೆಯ ಉಕ್ಕಿನ ತಂತಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಬೇಕು, ಗಟ್ಟಿ ನೈಲಾನ್ ಎಳೆಗೆ ಅದರ ಹಲವು ಪಟ್ಟು. ಕಣಿವೆಗಳು ಅಷ್ಟು ಆಳವಿಲ್ಲ. ಹಗ್ಗ ಸೋಲುವುದು ಒಂದು ಗೇಣಿನ ಜಾಗದಲ್ಲಿ. ಗಂಟು ಹಾಕಿದ ಹಗ್ಗ ತನ್ನ ಬಲದ ಕಾಲುಭಾಗದಿಂದ ಅರ್ಧದವರೆಗೂ ಕಳೆದುಕೊಳ್ಳಬಹುದು, ಏಕೆಂದರೆ ಬಾಗಿನ ಹೊರಮೈಯ ಎಳೆಗಳೇ ಎಲ್ಲ ಹೊರೆಯನ್ನೂ ಹೊರಬೇಕಾಗುತ್ತದೆ. ಹಬ್ಬ ಮುಗಿದ ಮೇಲೆ ಜೋಕಾಲಿಯ ಹಗ್ಗವನ್ನು ಬಿಚ್ಚಿ ಕೊಂಬೆಯ ಮೇಲೆ ಕೂತಿದ್ದ ಭಾಗವನ್ನು ನೋಡಿ. ಉಳಿದ ಕಡೆ ಹಗ್ಗ ದುಂಡಗಿದ್ದರೆ ಅಲ್ಲಿ ಚಪ್ಪಟೆಯಾಗಿ, ಹೊಳಪೇರಿ, ಹೊರಗಿನ ಹುರಿಯ ನಾರುಗಳು ತುಂಡಾಗಿ ಮುಳ್ಳಿನಂತೆ ಎದ್ದಿರುತ್ತವೆ. ಕೊಂಬೆಗೆ ಮೊದಲು ಗೋಣಿತಟ್ಟು ಸುತ್ತಿ ಆಮೇಲೆ ಹಗ್ಗ ಹಾಕುವ ರೂಢಿ ಇರುವುದು ಇದನ್ನು ತಡೆಯಲು. ಸಾಹಸ ಕ್ರೀಡೆಯವರು ಬಂಡೆಯ ಅಂಚಿಗೆ ಹಾಸುವ ದಪ್ಪ ಬಟ್ಟೆಯ ಕೆಲಸವೂ ಅದೇ.

ಅಮೆರಿಕದ ಡ್ಯಾನ್ ಓಸ್ಮನ್ ಕಥೆ ಇಲ್ಲಿ ಹೇಳಲೇಬೇಕು. ನೂರಾರು ಮೀಟರ್ ಎತ್ತರದ ಬಂಡೆಗಳಿಂದ ಹಗ್ಗ ಕಟ್ಟಿಕೊಂಡು ಹಾರಿ ತೂಗುತ್ತಿದ್ದ ಅವರು 1998ರ ನವೆಂಬರಿನಲ್ಲಿ ಯೊಸೆಮಿಟಿಯ ಲೀನಿಂಗ್ ಟವರಿನಿಂದ ಹಾರಿದಾಗ ಹಗ್ಗ ತುಂಡಾಗಿ ತೀರಿಕೊಂಡರು. ಹಗ್ಗಕ್ಕೆ ಹೊರೆ ಹೆಚ್ಚಾಗಿ ಅಲ್ಲ. ಹಾರುವ ದಿಕ್ಕು ಬದಲಾಗಿದ್ದರಿಂದ ಹಗ್ಗಗಳು ಒಂದರ ಮೇಲೊಂದು ಅಡ್ಡಬಿದ್ದು ಉಜ್ಜಿ, ಆ ಬಿಸಿಗೆ ನೈಲಾನ್ ಕರಗಿತು ಎಂಬುದು ಆಮೇಲೆ ಪರಿಶೀಲಿಸಿದವರ ತೀರ್ಮಾನ. ಹಗ್ಗಗಳಲ್ಲಿ ಬಳಸುವ ನೈಲಾನ್ ಕರಗಲು 220 ಡಿಗ್ರಿ ಸೆಲ್ಸಿಯಸ್ ಸಾಕು. ನಿಂತ ಹಗ್ಗದ ಮೇಲೆ ಓಡುವ ಹಗ್ಗ ಒಂದೇ ಬಿಂದುವನ್ನು ಉಜ್ಜುತ್ತಾ ಹೋದರೆ ಆ ಬಿಸಿ ಏರಲು ಸೆಕೆಂಡುಗಳೇ ಬೇಡ.

ಜಗ್ಗು ಎಂದೆನಲ್ಲ, ಅದರ ಲೆಕ್ಕದಲ್ಲೂ ಉದ್ದ ಮತ್ತೊಮ್ಮೆ ಹಿಂದೆ ಸರಿಯುತ್ತದೆ. ಬೀಳುವ ಮನುಷ್ಯನನ್ನು ಹಗ್ಗ ಹಿಡಿದು ನಿಲ್ಲಿಸಿದಾಗ ಬರುವ ಹೊಡೆತ ಎಷ್ಟು ಎತ್ತರದಿಂದ ಬಿದ್ದ ಎಂಬುದರ ಮೇಲಲ್ಲ, ಬಿದ್ದ ಎತ್ತರವನ್ನು ಹಗ್ಗದ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆಯ ಮೇಲೆ ನಿಂತಿದೆ. ಎತ್ತರದಿಂದ ಬಿದ್ದರೆ ಹೀರಿಕೊಳ್ಳಲು ಉದ್ದನೆಯ ಹಗ್ಗವೂ ಇರುತ್ತದೆ. ಬಂಡೆ ಏರುವವರ ಹಗ್ಗಕ್ಕೆ ಅಂತರರಾಷ್ಟ್ರೀಯ ಮಾನದಂಡವಿದೆ: 80 ಕೆ.ಜಿ. ತೂಕವನ್ನು ಬೀಳಿಸುವ ಪರೀಕ್ಷೆಯಲ್ಲಿ ಹೊಡೆತ 12 ಕಿಲೋನ್ಯೂಟನ್, ಅಂದರೆ ಆ ತೂಕದ ಹದಿನೈದು ಪಟ್ಟನ್ನು ಮೀರಬಾರದು. ಅದಕ್ಕಾಗಿ ಆ ಹಗ್ಗ ಬಿದ್ದಾಗ ಚೆನ್ನಾಗಿ ಹಿಗ್ಗುವಂತೆ ನೇಯ್ದಿರುತ್ತಾರೆ. ಇಳಿಯಲು ಬಳಸುವ ಹಗ್ಗ ಬೇರೆ, ಅದು ಹೆಚ್ಚು ಹಿಗ್ಗದು. ಇದನ್ನು ಏರುವ ಹಗ್ಗದ ಜಾಗದಲ್ಲಿ ಬಳಸಿದರೆ ಹಗ್ಗ ಉಳಿದರೂ ಸೊಂಟ ಉಳಿಯುವುದಿಲ್ಲ. ತರೀಕೆರೆ, ಕಡೂರು, ಅಜ್ಜಂಪುರದ ತೆಂಗಿನ ತೋಟಗಳಲ್ಲಿ ಧಾರಾಳವಾಗಿ ಸಿಗುವ ನಾರು ಈ ದೃಷ್ಟಿಯಿಂದ ಗಮನಾರ್ಹ. ಸೆಣಬು, ಹತ್ತಿಗೆ ಹೋಲಿಸಿದರೆ ತೆಂಗಿನ ನಾರಿಗೆ ಬಲ ಕಡಿಮೆ, ಆದರೆ ಹರಿಯುವ ಮುನ್ನ ಅದು ಶೇಕಡಾ 15ರಿಂದ 40ರವರೆಗೆ ಹಿಗ್ಗಬಲ್ಲದು. ದಪ್ಪವಾಗಿ ಹೊಸೆದ ನಾರಿನ ಹಗ್ಗದ ಜೋಕಾಲಿ ಮೈಗೆ ಮೃದುವಾಗಿ ಸಿಗುವುದು ಈ ಗುಣದಿಂದ. ಅಂಗಡಿಯ ಹಸಿರು ನೀಲಿ ಪ್ಲಾಸ್ಟಿಕ್ ಹಗ್ಗ ಹೊಸದರಲ್ಲಿ ಗಟ್ಟಿ, ಆದರೆ ಎರಡು ಬೇಸಿಗೆಯ ಬಿಸಿಲು ಕುಡಿದರೆ ಬೆರಳಿನಲ್ಲಿ ಉಜ್ಜಿದಾಗ ಪುಡಿ ಉದುರುತ್ತದೆ. ಅದನ್ನು ಹೊರಗೆ ವರ್ಷಗಟ್ಟಲೆ ಕಟ್ಟಿಬಿಡುವ ಉಯ್ಯಾಲೆಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಎರಡು ತುದಿ ಕಟ್ಟಿದ ಹಗ್ಗದ ಲೆಕ್ಕ ಇನ್ನೂ ನಿಷ್ಠುರ. ಅದಿರಿನ ತೊಟ್ಟಿ ಇಳಿಯುತ್ತಿದ್ದ ರೋಪ್‌ವೇ, ಇಂದಿನ ಜಿಪ್‌ಲೈನ್, ತೂಗುಸೇತುವೆ ಎಲ್ಲವೂ ಈ ಜಾತಿಯವು. 100 ಮೀಟರ್ ಅಂತರದ ಎರಡು ಗೋಪುರಗಳ ನಡುವೆ ಹಗ್ಗ ಕಟ್ಟಿ, ನಡುವೆ 500 ಕೆ.ಜಿ. ತೊಟ್ಟಿ ತೂಗುಬಿಟ್ಟಾಗ ಅದು 5 ಮೀಟರ್ ಜೋತರೆ ಹಗ್ಗದ ಎಳೆತ ಸುಮಾರು 2,500 ಕೆ.ಜಿ. ನೋಡಲು ನೀಟಾಗಿರಲಿ ಎಂದು ಜೋತವನ್ನು 1 ಮೀಟರಿಗೆ ಬಿಗಿದರೆ ಎಳೆತ 12,500 ಕೆ.ಜಿ. ಹೊರೆ ಬದಲಾಗಿಲ್ಲ, ಓರೆ ಮಾತ್ರ ಬದಲಾಯಿತು. ಹಗ್ಗವನ್ನು ಪೂರ್ತಿ ನೇರ ಮಾಡಲು ಯಾವ ಬಲವೂ ಸಾಲದು. ಬರ್ಮಾ ಸೇತುವೆಯ ಹಗ್ಗವನ್ನು ‘ಟೈಟ್’ ಮಾಡುತ್ತಾ ಹೋಗುವವರು ಮರದ ಬುಡವನ್ನು ಕೀಳುತ್ತಿರುತ್ತಾರೆ.

ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಆ ಸೇತುವೆಗಳ ಮೇಲೆ ನಡೆದವರಿಗೆ ಕಾಲಡಿಯ ಹಲಗೆ ತುಸು ಜೋತು, ತುಸು ಓಲಾಡುವುದು ಗೊತ್ತು. ಆ ಜೋತವೇ ಅವುಗಳ ಆಯುಸ್ಸು. 2022ರ ಅಕ್ಟೋಬರಿನಲ್ಲಿ ಗುಜರಾತಿನ ಮೋರ್ಬಿಯ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ವಿಶೇಷ ತನಿಖಾ ತಂಡ ಮುಖ್ಯ ಹಗ್ಗವೊಂದನ್ನು ಬಿಡಿಸಿ ನೋಡಿದಾಗ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು. ಜನ ಹೆಚ್ಚಾಗಿದ್ದರು ಎಂಬುದೂ ನಿಜ. ಆದರೆ ಅರ್ಧದ ಹತ್ತಿರ ತಂತಿ ಮೊದಲೇ ಸತ್ತಿದ್ದ ಹಗ್ಗಕ್ಕೆ ಯಾವ ಜನಸಂಖ್ಯೆ ಸುರಕ್ಷಿತ?

ಉಕ್ಕಿನ ಹಗ್ಗದ ಒಳಗೆ ಯಾವ ತಂತಿ ತುಂಡಾಗಿದೆ ಎಂದು ಕಂಡುಹಿಡಿಯಲು ಕಾಂತೀಯ ಪರೀಕ್ಷೆಯಿದೆ. ಹಗ್ಗವನ್ನು ಕಾಂತಗೊಳಿಸಿ, ತುಂಡಾದ ಕಡೆ ಸೋರುವ ಕಾಂತಕ್ಷೇತ್ರವನ್ನು ಅಳೆಯುತ್ತಾರೆ. ಗಣಿ, ರೋಪ್‌ವೇಗಳಲ್ಲಿ ಇದು ಬಳಕೆಯಲ್ಲಿದೆ. ನಾರಿನ ಮತ್ತು ನೈಲಾನಿನ ಹಗ್ಗಕ್ಕೆ ಆ ಉಪಾಯ ನಡೆಯುವುದಿಲ್ಲ, ಅದರಲ್ಲಿ ಕಾಂತಗೊಳ್ಳುವುದು ಏನೂ ಇಲ್ಲ. ಅದಕ್ಕಿರುವುದು ತಯಾರಕರು ಹಾಕುವ ಗಡುವು (ಬಳಸದೆ ಇಟ್ಟರೂ ಸಾಮಾನ್ಯವಾಗಿ ಹತ್ತು ವರ್ಷ), ಯಾವ ದಿನ ಕಟ್ಟಿದೆ, ಎಷ್ಟು ಸಲ ಜಗ್ಗು ತಿಂದಿದೆ ಎಂದು ಬರೆದಿಡುವ ಪುಸ್ತಕ, ಮತ್ತು ಪ್ರತಿ ಬೆಳಿಗ್ಗೆ ಹಗ್ಗದ ಉದ್ದಕ್ಕೂ ಇಂಚಿಂಚು ಬಾಗಿಸಿ, ಒಳಗೆ ಮೆತ್ತಗಾದ ಜಾಗ ಸಿಗುತ್ತದೆಯೇ ಎಂದು ಹುಡುಕುವ ಬೆರಳುಗಳು. ಕಣಿವೆಯಂಚಿನ ಉಯ್ಯಾಲೆಗೆ ಟಿಕೆಟ್ ಕೊಳ್ಳುವವರು ಆ ಪುಸ್ತಕವನ್ನು ತೋರಿಸಿ ಎಂದು ಕೇಳಬಹುದು. ಇಟ್ಟಿರುವವರು ತೋರಿಸಲು ಹಿಂಜರಿಯುವುದಿಲ್ಲ.